ಇಪ್ಪತ್ತನಾಲ್ಕು ಕಡ್ಡಿಪೆಟ್ಟಿಗೆ, ತಳದಲ್ಲೊಂದು ಕಾಳು

ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಂಟೆ ಬಾರಿಸುವವರು ಯಾರು? ಶೆಟ್ಟೆವ್ವ. ಕೊಡ ಹೊತ್ತು ನೀರು ತುಂಬುವವರು ಯಾರು? ಶೆಟ್ಟೆವ್ವ. ಕಸ ಹೊಡೆದು, ಬೋರ್ಡು ಒರೆಸಿ, ಜ್ವರ ಬಂದ ಹುಡುಗಿಯನ್ನು ಕೈಹಿಡಿದು ಮನೆ ಮುಟ್ಟಿಸಿ ಬರುವವರು ಯಾರೆಂದರೆ ಅದೂ ಶೆಟ್ಟೆವ್ವನೇ. ಆದರೆ ಶಾಲೆಯ ಕಾಯಂ ನೌಕರರ ಪಟ್ಟಿಯಲ್ಲಿ ಆಕೆಯ ಹೆಸರು ಎಲ್ಲಿದೆ ಎಂದು ಕೇಳಿದರೆ ಮಾತ್ರ ಹೆಡ್‌ಮಾಸ್ತರ ಬಸಂತರಾಯರಿಗೆ ತಟ್ಟನೆ ಕೆಮ್ಮು ಬರುತ್ತಿತ್ತು. ಒಂಬತ್ತು ವರ್ಷದಿಂದ ಆಕೆ ಟೆಂಪರರಿ. ಟೆಂಪರರಿ ಎಂದರೆ ಕೆಲಸವೆಲ್ಲ ನಿನ್ನದು, ಕುರ್ಚಿ ಇನ್ನೊಬ್ಬರದು ಎಂದರ್ಥ.

ಆಗ ಆಕೆಗೆ ನಲವತ್ತರ ಹತ್ತಿರ. ತವರು ಇಂಗಳೇಶ್ವರ. ಗಂಡ ರೇವಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದ. ಮಾತಿನಲ್ಲಿ ಹೆಂಡತಿಗಿಂತ ಒಂದು ಕೈ ಮೇಲು. ಮನೆಯಲ್ಲಿ ಸೂಜಿಗೆ ದಾರ ಪೋಣಿಸುವುದು ಅವನ ಪಾಲಿಗೆ ಬಂದಿತ್ತು. "ನಮ್ಮನಿ ದೊರೆಸಾನಿ ಸೂಜಿ ಮುಟ್ಟೂದಿಲ್ರಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿಯೇ ಪೋಣಿಸಿ ಕೊಡುತ್ತಿದ್ದ. ಶೆಟ್ಟೆವ್ವ ಅದಕ್ಕೆಲ್ಲ ಕಿವಿಗೊಡುವವಳಲ್ಲ. ಶಾಲೆಯ ಗೇಟಿನಲ್ಲಿ ನಿಂತು, ಊರ ಹೊರಗಿನ ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬರುವ ಬಸ್ಸು ಮುದ್ದೇಬಿಹಾಳದ್ದೋ ಬಿಜಾಪುರದ್ದೋ ಎಂದು ಊರಿಗಿಂತ ಮೊದಲು ಹೇಳುತ್ತಿದ್ದಳು. ಮಾಸ್ತರರು ಚೀಲ ಹಿಡಿದು ಹೊರಡಬೇಕೋ ಇನ್ನೊಂದು ಕಪ್ಪು ಚಹಾ ಕುಡಿಯಬಹುದೋ ಎನ್ನುವುದು ಆಕೆಯ ಮಾತಿನ ಮೇಲೆ ನಿಂತಿತ್ತು.

೧೯೭೪ರ ದೀಪಾವಳಿ ಮುಗಿದ ವಾರದಲ್ಲೇ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಶಾಲೆಗೆ ಕಾಯಂ ಆಯಾಳ ಹುದ್ದೆ ಮಂಜೂರಾಗಿದೆ. ಆದರೆ ಆ ಹುದ್ದೆಗೆ ಬರುವವರಿಗೆ ಓದು ಬರಹ ಗೊತ್ತಿರಬೇಕು. ಏಪ್ರಿಲ್ಲಿನಲ್ಲಿ ಸಾಹೇಬರು ಬಂದು ನಾಲ್ಕನೆಯ ಇಯತ್ತೆಯ ಪುಸ್ತಕದ ಒಂದು ಪುಟ ಓದಿಸಿ ನೋಡುತ್ತಾರೆ. ಶೆಟ್ಟೆವ್ವ ಓದಿದರೆ ಹುದ್ದೆ ಆಕೆಯದು. ಓದದಿದ್ದರೆ ಬೇರೆಯವರು ಬರುತ್ತಾರೆ, ಆಕೆ ಮನೆಗೆ ಹೋಗಬೇಕು. ಬಸಂತರಾಯರು ಕಾಗದವನ್ನು ಎರಡು ಸಲ ಓದಿ ಹೇಳಿದರು. ಒಳ್ಳೆಯ ಮನುಷ್ಯ, ಪಾಪ, ಓದುವಾಗ ಆಕೆಯ ಮುಖ ನೋಡಲಿಲ್ಲ.

ಶೆಟ್ಟೆವ್ವ ಶಾಲೆಗೆ ಹೋಗದವಳೇನೂ ಅಲ್ಲ. ಏಳನೆಯ ವಯಸ್ಸಿನಲ್ಲಿ ಇಂಗಳೇಶ್ವರದ ಸಾಲಿಯಲ್ಲಿ ಒಂದು ವರ್ಷ ಕುಳಿತಿದ್ದಳು. ಪುಸ್ತಕ ಬಿಚ್ಚಿದರೆ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಹಾಗೆಂದು ಹೇಳಿದ್ದಕ್ಕೆ ಅಲ್ಲಿಯ ಮಾಸ್ತರರು ಇಡೀ ತರಗತಿ ನಗುವಂತೆ "ಕುಣಿಯಲಾರದವಳು ಅಂಗಳ ಡೊಂಕು ಅಂದಳಂತ" ಎಂದಿದ್ದರು. ಆಮೇಲೆ ಅಪ್ಪನನ್ನು ಕರೆಸಿ, "ಇದರ ತಲ್ಯಾಗ ಬರೇ ಮಣ್ಣು ಐತಿ, ಎಮ್ಮಿ ಕಾಯಾಕ ಹಚ್ಚು" ಎಂದರು. ಅಪ್ಪ ಎಮ್ಮೆ ಕಾಯಲು ಹಚ್ಚಿದ. ದೊಡ್ಡವಳಾದ ಮೇಲೆ ಎರಡು ಸಲ ವಯಸ್ಕರ ಶಾಲೆಗೂ ಹೋಗಿ ನೋಡಿದಳು. ಕಂದೀಲಿನ ಬೆಳಕಿನಲ್ಲಿ ಅದೇ ಇರುವೆ, ಅದೇ ಸಾಲು. ಅಂಗಳ ಡೊಂಕೆಂದು ಮತ್ತೊಮ್ಮೆ ಹೇಳುವ ಧೈರ್ಯ ಆಕೆಗೆ ಆಗಲಿಲ್ಲ. ತಲೆಯಲ್ಲಿ ಮಣ್ಣಿದೆ ಎಂದು ತಾನೇ ಒಪ್ಪಿಕೊಂಡು, ಯಾರಾದರೂ ಕೇಳಿದರೆ ತಾನೇ ಮೊದಲು ಹೇಳಿ ನಕ್ಕುಬಿಡುತ್ತಿದ್ದಳು.

ವಿಜ್ಞಾನ, ಗಣಿತ ಕಲಿಸುವ ಅಮೀನುದ್ದೀನ ಮಾಸ್ತರರು ತಾವಾಗಿಯೇ ಮುಂದೆ ಬಂದರು. ಆಕೆಗಿಂತ ಹತ್ತು ವರ್ಷ ಚಿಕ್ಕವರು, ಬಿ.ಎಸ್ಸಿ. ಓದಿದವರು, ಅಂಗಿಯ ಜೇಬಿನಲ್ಲಿ ಸದಾ ಸೀಮೆಸುಣ್ಣದ ಪುಡಿ. "ಯಕ್ಕಾ, ದಿನಾ ಊಟದ ಸೂಟಿಯೊಳಗ ಅರ್ಧಾ ತಾಸು ನನಗ ಕೊಡು. ಏಪ್ರಿಲ್‌ನ್ಯಾಗ ಸಾಹೇಬರ ಮುಂದ ಪಟಪಟ ಓದಬೇಕು, ಹಂಗ ಮಾಡ್ತೇನಿ" ಎಂದರು. ಅರ್ಧ ತಾಸೇನು, ಮೂರು ತಿಂಗಳು ಕೊಟ್ಟರೂ ಆಗಲಿಲ್ಲ. ಮಾಸ್ತರರು ಬೆರಳಿಟ್ಟು ತೋರಿಸುವರು, ಆಕೆ ಕಣ್ಣು ಕಿರಿದುಮಾಡಿ ನೋಡಿ ಬೆವರುವಳು. ಅವರು ಬಯ್ಯಲಿಲ್ಲ, ಅದೇ ದೊಡ್ಡದು. ಬಸಂತರಾಯರು ಮಾತ್ರ ಕಿಟಕಿಯಲ್ಲಿ ಒಂದು ಸಲ ಹಣಕಿ, ಕೋಣನ ಮುಂದೆ ಕಿನ್ನರಿ ಎನ್ನುವ ಗಾದೆಯನ್ನು ಅರ್ಧ ಹೇಳಿ ನಿಲ್ಲಿಸಿ ಹೋದರು. ಉಳಿದರ್ಧ ಎಲ್ಲರಿಗೂ ಗೊತ್ತಿದ್ದದ್ದೇ.

ಇದೇ ಹೊತ್ತಿಗೆ ಶಾಲೆಗೆ ಇನ್ನೊಬ್ಬ ದಡ್ಡ ವಿದ್ಯಾರ್ಥಿ ಬಂದ. ಅವನನ್ನು ಹುಟ್ಟಿಸಿದವರೂ ಅಮೀನುದ್ದೀನ ಮಾಸ್ತರರೇ.

ಫೆಬ್ರುವರಿಯಲ್ಲಿ ಸಿಂದಗಿಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಸುತ್ತಲಿನ ಶಾಲೆಗಳೆಲ್ಲ ಏನಾದರೊಂದು ಮಾಡಿಕೊಂಡು ಬರಬೇಕು. ಎಲ್ಲರೂ ಜ್ವಾಲಾಮುಖಿ ಮಾಡುವವರೇ ಎಂದು ಮಾಸ್ತರರಿಗೆ ಗೊತ್ತಿತ್ತು. ಬಿಜಾಪುರದ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಅವರು ಒಂದು ವಿಷಯ ಓದಿದ್ದರು. ವಿಲಾಯತಿಯಲ್ಲಿ ಒಬ್ಬ ವಿಜ್ಞಾನಿ, ಹದಿಮೂರು ಹದಿನಾಲ್ಕು ವರ್ಷದ ಹಿಂದೆ, ಯಂತ್ರಕ್ಕೆ ಕಲಿಯಲು ಬರುತ್ತದೆಂದು ತೋರಿಸಬೇಕೆಂದುಕೊಂಡನಂತೆ. ಅದಕ್ಕೆ ಬೇಕಾದ ಕಂಪ್ಯೂಟರು ಕೈಗೆ ಸಿಗಲಿಲ್ಲ. ಅವನೇನು ತಲೆಗೆ ಕೈಹಚ್ಚಿ ಕೂರಲಿಲ್ಲ. ಮುನ್ನೂರು ಕಡ್ಡಿಪೆಟ್ಟಿಗೆ ತಂದು, ಅವುಗಳಲ್ಲಿ ಬಣ್ಣದ ಮಣಿ ತುಂಬಿ, ಆಟ ಕಲಿಯುವ ಯಂತ್ರ ಮಾಡಿಬಿಟ್ಟ. ಆಮೇಲೆ ಬೇರೊಬ್ಬರು ಅದರ ತಮ್ಮನಂಥ ಚಿಕ್ಕ ಆಟವೊಂದನ್ನು ಹುಡುಕಿದರು. ಅದಕ್ಕೆ ಇಪ್ಪತ್ತನಾಲ್ಕೇ ಪೆಟ್ಟಿಗೆ ಸಾಕು. ಇಪ್ಪತ್ತನಾಲ್ಕು ಖಾಲಿ ಪೆಟ್ಟಿಗೆ ಬಾಗೇವಾಡಿಯ ಯಾವ ಚಹಾದಂಗಡಿಯಲ್ಲೂ ಸಿಗುತ್ತವೆ.

ಆಟ ಸರಳ. ಒಂಬತ್ತು ಮನೆಯ ಮಣೆ. ಈ ಕಡೆ ಮೂರು ಹುಣಸೆಬೀಜ, ಆ ಕಡೆ ಮೂರು ಕವಡೆ. ಒಂದೊಂದೇ ಮನೆ ಮುಂದಕ್ಕೆ ನಡೆಸಬೇಕು, ಓರೆಯಲ್ಲಿ ಎದುರಾಳಿ ಸಿಕ್ಕರೆ ಹೊಡೆಯಬೇಕು. ಆ ದಡ ಮುಟ್ಟಿದವರು ಗೆದ್ದರು. ಎದುರಾಳಿಗೆ ನಡೆಯಲು ದಾರಿಯೇ ಇಲ್ಲದಂತೆ ಕಟ್ಟಿಹಾಕಿದವರೂ ಗೆದ್ದರು. ಯಂತ್ರದ ಸರದಿ ಬಂದಾಗ ಮಣೆಯ ಮೇಲೆ ಕಾಯಿಗಳು ಹೇಗೆ ಹೇಗೆ ನಿಂತಿರಬಹುದೋ ಅಷ್ಟಕ್ಕೂ ಒಂದೊಂದು ಪೆಟ್ಟಿಗೆ, ಮುಚ್ಚಳದ ಮೇಲೆ ಅದರ ಚಿತ್ರ. ಒಳಗೆ ಮಣಿಯ ಬದಲು ಮಾಸ್ತರರು ಕಾಳು ಹಾಕಿದರು. ಕಡಲೆ ಬಂದರೆ ಒಂದು ನಡೆ, ತೊಗರಿ ಬಂದರೆ ಇನ್ನೊಂದು, ಹೆಸರು ಮತ್ತೊಂದು, ಜೋಳ ಮಗದೊಂದು. ಪೆಟ್ಟಿಗೆಯನ್ನು ಕುಲುಕಿ ಓರೆ ಮಾಡಿದರೆ ಮೂಲೆಗೆ ಯಾವ ಕಾಳು ಉರುಳುತ್ತದೋ ಅದೇ ಯಂತ್ರದ ನಡೆ. ಯಂತ್ರ ಗೆದ್ದರೆ ಕಾಳನ್ನು ಅದರ ಪೆಟ್ಟಿಗೆಗೇ ಹಾಕಬೇಕು. ಸೋತರೆ ಕೊನೆಯ ನಡೆಯ ಕಾಳನ್ನು ತೆಗೆದುಬಿಡಬೇಕು. ಆ ತಪ್ಪನ್ನು ಮತ್ತೆ ಮಾಡೋಣವೆಂದರೆ ಅದರ ಹತ್ತಿರ ಕಾಳೇ ಇರುವುದಿಲ್ಲ.

ಹುಡುಗಿಯರು ಅದಕ್ಕೆ ಕಾಳಪ್ಪ ಎಂದು ಹೆಸರಿಟ್ಟು, ಎರಡು ದಿನ ಆಡಿ, ಎಂಟು ಸಲ ಸೋಲಿಸಿ, ಬೇಸತ್ತು ಬಿಟ್ಟರು. ಸೋಲುವವನ ಜೊತೆ ಯಾರು ಆಡುತ್ತಾರೆ? ಆಗ ಶೆಟ್ಟೆವ್ವ ಕೈಯೊರೆಸಿಕೊಂಡು ಬಂದು ಕುಳಿತಳು. ಹುಲಿಮನೆ ಆಟದಲ್ಲಿ ಓಣಿಯ ಗಂಡಸರನ್ನೆಲ್ಲ ಕುರಿ ಮಾಡಿದವಳು ಆಕೆ.

"ಇದಕ್ಕ ನಾ ಕಲಸ್ತೇನ್ರಿ ಮಾಸ್ತರ. ನಿಮ್ಮ ಪುಸ್ತಕ ನನಗ ಬರಲಿಲ್ಲ, ಇದಕ್ಕರೆ ನನ್ನ ಆಟ ಬರಲಿ."

"ಕಲಸು ಯಕ್ಕಾ. ಒಂದ ನೆಪ್ಪಿಡು, ಯಾವುದರೆ ಪೆಟಗಿ ಬರಿದಾತಂದ್ರ ನನಗ ಹೇಳು. ಆವಾಗ ಮಾಡೂದು ಬ್ಯಾರೆ ಐತಿ."

ಅಂದಿನಿಂದ ದಿನಕ್ಕೆ ನಾಲ್ಕು ಆಟ. ಪೆಟ್ಟಿಗೆಗಳನ್ನು ಹಲಗೆಯ ಮೇಲೆ ಸಾಲಾಗಿ ಅಂಟಿಸಿ ಗೋಡೆಗೆ ಒರಗಿಸಿದ್ದರು. ಒಳಗಿನ ಗೂಡನ್ನು ಎಳೆದು ತೆಗೆಯಬಹುದಿತ್ತು. ಶೆಟ್ಟೆವ್ವ ಪ್ರತಿ ಸಲ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಚಿತ್ರ ನೋಡಿ, ಆಮೇಲೆ ಮುಂದೆ ಬಂದು ಸರಿಯಾದ ಪೆಟ್ಟಿಗೆ ಎಳೆಯುತ್ತಿದ್ದಳು. ಮೂಲೆಗೆ ಬಂದ ಕಾಳನ್ನು ನೋಡುತ್ತಿರಲಿಲ್ಲ, ಬೆರಳಿನಿಂದ ಮುಟ್ಟಿ ಹೇಳುತ್ತಿದ್ದಳು: "ತೊಗರಿ." "ಕಡಲಿ." ಶೆಟ್ಟೆವ್ವ ಕಡ್ಡಿಪೆಟ್ಟಿಗೆಗೆ ಅಂಜುತ್ತಾಳೆ ಎಂದು ಹುಡುಗಿಯರು ನಕ್ಕರೆ ಆಕೆಯೂ ನಗುತ್ತಿದ್ದಳು. ಕಾಳಪ್ಪ ಸೋತಾಗ ತೆಗೆದ ಕಾಳನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ, ಸಂಜೆ ಗುಬ್ಬಿಗಳಿಗೆ ಚೆಲ್ಲುತ್ತಿದ್ದಳು. ನುಸಿ ಹಿಡಿಯಬಾರದೆಂದು ಪೆಟ್ಟಿಗೆಗಳ ನಡುವೆ ಬೇವಿನ ಎಲೆ ಸಿಕ್ಕಿಸಿದ್ದಳು. ಹತ್ತು ದಿನದಲ್ಲಿ ಕಾಳಪ್ಪ ನಾಲ್ಕಕ್ಕೆ ಎರಡು ಗೆದ್ದ. ಇಪ್ಪತ್ತು ದಿನದಲ್ಲಿ ಆಕೆಯೇ ನಾಲ್ಕಕ್ಕೆ ಮೂರು ಸೋಲತೊಡಗಿದಳು. ಸೋತು ಅಷ್ಟು ಖುಷಿಪಟ್ಟವರ ಸುದ್ದಿಯನ್ನು ನಾನಂತೂ ಕೇಳಿಲ್ಲ.

ಆಟದ ನಡುವೆ ಮಾಸ್ತರರು ದೂರದ ಸುದ್ದಿಯನ್ನೂ ಹೇಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಯಂತ್ರ ಮನುಷ್ಯ ಮಾಡುವುದನ್ನೆಲ್ಲ ಮಾಡುತ್ತದೆ ಎಂದು ಅಮೆರಿಕೆಯ ದೊಡ್ಡ ದೊಡ್ಡವರು ಮಾತು ಕೊಟ್ಟಿದ್ದರಂತೆ. ಅಷ್ಟು ಬೇಗ ಕಲಿಯಲಿಲ್ಲವೆಂದು ಈಗ ವಿಲಾಯತಿಯ ಸರಕಾರ ಕೈ ಬಿಗಿಹಿಡಿದಿದೆಯಂತೆ.

"ಅಂದ್ರ ಅಲ್ಲೂ ಸಾಹೇಬರು ಬಂದು ಪರೀಕ್ಷಾ ಮಾಡ್ಯಾರೇನ್ರಿ?" ಎಂದು ಶೆಟ್ಟೆವ್ವ ಕೇಳಿದಳು.

"ಹೌದು ಯಕ್ಕಾ. ನಪಾಸ ಮಾಡ್ಯಾರ."

ಆಕೆ ಕಾಳಪ್ಪನ ಹಲಗೆಯನ್ನೊಮ್ಮೆ ಸವರಿ, "ಪಾಪ" ಎಂದಳು.

ಒಂದೇ ಒಂದು ಸಂಗತಿಯನ್ನು ಆಕೆ ಮಾಸ್ತರರಿಗೆ ಹೇಳಲಿಲ್ಲ. ಮೂರನೆಯ ಸಾಲಿನ ಎರಡನೆಯ ಪೆಟ್ಟಿಗೆಯಲ್ಲಿ ಎರಡೇ ಕಾಳಿದ್ದವು. ಮೊದಲು ತೊಗರಿ ಹೋಯಿತು. ಉಳಿದದ್ದು ಒಂದು ಕಡಲೆ. ಕಾಳಪ್ಪ ಅಲ್ಲಿ ಮತ್ತೆ ಸೋತ. ನಿಯಮದ ಪ್ರಕಾರ ಆ ಕಡಲೆಯನ್ನೂ ತೆಗೆಯಬೇಕು. ಶೆಟ್ಟೆವ್ವ ತೆಗೆದಳು, ಗೂಡು ಬರಿದಾಗಿ ಕಂಡಿತು. ಜೋಳದ ಡಬ್ಬಿ, ಹಿಟ್ಟಿನ ಗಡಿಗೆ, ಉಪ್ಪಿನ ಭರಣಿ ಯಾವುದನ್ನೂ ತಳ ಕಾಣುವಂತೆ ಬರಿದು ಮಾಡಬಾರದೆಂದು ಆಕೆಯ ಅವ್ವ ಕಲಿಸಿದ್ದಳು. ಎಂಥ ಬರಗಾಲದಲ್ಲೂ ತಳದಲ್ಲಿ ನಾಲ್ಕು ಕಾಳು ಬಿಡಬೇಕು. ಮುಗಿಯಿತು ಎನ್ನುವ ಮಾತನ್ನೂ ಆಡಬಾರದು, "ಹೆಚ್ಚಾತು" ಎನ್ನಬೇಕು. ಇಷ್ಟು ವರ್ಷ ಪಾಲಿಸಿದ ರೀತಿಯನ್ನು ಒಂದು ಕಡ್ಡಿಪೆಟ್ಟಿಗೆಗಾಗಿ ಮುರಿಯುವುದು ಹೇಗೆ? ಯಾರೂ ನೋಡುತ್ತಿಲ್ಲವೆಂದು ಕಡಲೆಯನ್ನು ತಿರುಗಿ ಹಾಕಿ ಮುಚ್ಚಿದಳು. ಆಮೇಲೆ ಎಷ್ಟೋ ಸಲ ತೆಗೆದಳು, ಅಷ್ಟೂ ಸಲ ತಿರುಗಿ ಹಾಕಿದಳು. ಇತ್ತ ಮಾಸ್ತರರು, ಪೆಟ್ಟಿಗೆ ಬರಿದಾದ ಸುದ್ದಿ ಬರಲಿಲ್ಲವೆಂದು ಎಲ್ಲ ಸುಸೂತ್ರ ನಡೆದಿದೆ ಎಂದುಕೊಂಡರು.

ಸಿಂದಗಿಯ ಪ್ರದರ್ಶನಕ್ಕೆ ಕಾಳಪ್ಪನನ್ನು ಶೆಟ್ಟೆವ್ವನೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ಏಳೆಂಟು ಜ್ವಾಲಾಮುಖಿಗಳ ನಡುವೆ ಕಡ್ಡಿಪೆಟ್ಟಿಗೆಯ ಹಲಗೆ ನೋಡಲು ಜನ ಕಿಕ್ಕಿರಿದರು. ಮಾಸ್ತರರು ವಿವರಿಸುವುದು, ಶೆಟ್ಟೆವ್ವ ಪೆಟ್ಟಿಗೆ ಎಳೆಯುವುದು. ಇಂಡಿಯ ಹುಡುಗರು ಸೋತರು, ಮುದ್ದೇಬಿಹಾಳದ ಹೆಡ್‌ಮಾಸ್ತರರು ಸೋತರು, ಹನ್ನೊಂದು ಜನ ಸಾಲಾಗಿ ಸೋತರು. ಆಗ ತೀರ್ಪುಗಾರರು ಬಂದರು. ಏಪ್ರಿಲ್ಲಿನಲ್ಲಿ ಶೆಟ್ಟೆವ್ವನ ಪರೀಕ್ಷೆಗೆ ಬರಬೇಕಾದ ಸಾಹೇಬರೇ ಅವರು. ಕುಳಿತು ಹುಣಸೆಬೀಜ ಸರಿಸಿದರು. ಆಟ ನೇರವಾಗಿ ಮೂರನೆಯ ಸಾಲಿನ ಎರಡನೆಯ ಪೆಟ್ಟಿಗೆಗೆ ಬಂತು. ಕಡಲೆ ಉರುಳಿತು, ಸಾಹೇಬರು ಗೆದ್ದರು. ಮತ್ತೆ ಅದೇ ಆಟ ಆಡಿದರು, ಮತ್ತೆ ಅದೇ ಕಡಲೆ. ಮೂರನೆಯ ಸಲವೂ ಅದೇ.

"ಕಲಿಯೂ ಯಂತ್ರ ಅಂತೀರಿ, ಒಂದ ತೆಗ್ಗಿನ್ಯಾಗ ಮೂರ ಸಲ ಬೀಳತೈತಲ್ರಿ ಮಾಸ್ತರ! ಎತ್ತಾದ್ರೂ ಎರಡನೇ ಸಲ ದಾಟಿ ಹೋಗತೈತಿ" ಎಂದರು ಸಾಹೇಬರು. ಜನ ಗೊಳ್ಳೆಂದು ನಕ್ಕರು. ಬಹುಮಾನ ಜ್ವಾಲಾಮುಖಿಗೆ ಹೋಯಿತು.

ತಿರುಗಿ ಬರುವ ಬಸ್ಸು ದೇವರ ಹಿಪ್ಪರಗಿ ದಾಟಿದ ಮೇಲೆ ಶೆಟ್ಟೆವ್ವನಿಗೆ ತಡೆಯಲಾಗಲಿಲ್ಲ.

"ಮಾಸ್ತರ, ಒಂದ ಮಾತು ಹೇಳ್ತೇನ್ರಿ. ಬೈಬ್ಯಾಡ್ರಿ. ಆ ಪೆಟಗ್ಯಾಗಿನ ಕಡೀ ಕಾಳು ನಾ ತಗದಿಲ್ರಿ. ತಗದು ತಗದು ತಿರುಗಿ ಹಾಕೇನಿ."

"ಯಾಕ ಯಕ್ಕಾ?"

"ಬರಿದು ಮಾಡಬಾರದಲ್ರಿ" ಎಂದವಳೇ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. "ನನ್ನ ತಲ್ಯಾಗಿನ ಮಣ್ಣು ಅದಕ್ಕೂ ಬಡೀತ್ರಿ. ನಿಮ್ಮ ಮಾನಾ ಕಳದ್ನಿ."

ಮಾಸ್ತರರು ಕಂಡಕ್ಟರ ತಿರುಗಿ ನೋಡುವಂತೆ ನಕ್ಕರು. ಸಿಟ್ಟಿನ ನಗೆಯಲ್ಲ ಅದು, ಕಳೆದುಹೋದ ಕೀಲಿಕೈ ಸಿಕ್ಕವರ ನಗೆ.

"ತಪ್ಪು ನಂದು ಯಕ್ಕಾ. ಬರಿದಾದ್ರ ಹೇಳು ಅಂದ್ನಿ, ಯಾಕಂತ ಹೇಳಲಿಲ್ಲ. ಕೇಳಿಲ್ಲೆ. ಡಬ್ಬಿ ಬರಿದಾದ್ರ ಹಸಿವು. ಈ ಪೆಟಗಿ ಬರಿದಾದ್ರ ಹಸಿವಲ್ಲ, ಅದು ಮಾತಾಡಾಕತ್ತೈತಿ ಅಂತ ತಿಳಿ. 'ನನ್ನ ಹತ್ರ ಬಂದ ಮ್ಯಾಲ ಯಾವ ದಾರಿ ಹಿಡದ್ರೂ ಸೋಲೇ. ತಪ್ಪು ನನ್ನದಲ್ಲ. ನನ್ನ ಈ ಜಾಗಾಕ್ಕ ತಂದು ಬಿಟ್ಟ ಹಿಂದಿನ ಪೆಟಗೀದು. ಅದರಾಗಿನ ಕಾಳು ತಗೀರಿ' ಅಂತೈತಿ. ನಾವು ಒಂದ ಪೆಟಗಿ ಹಿಂದ ಹೋಗಬೇಕು. ಅಲ್ಲೂ ಬರಿದಾದ್ರ ಇನ್ನೊಂದು ಹಿಂದ. ಕಲಿಯೂದಂದ್ರ ಇಷ್ಟ ಐತಿ ನೋಡು."

ಶೆಟ್ಟೆವ್ವ ಕಣ್ಣೊರೆಸಿಕೊಂಡು ಹಲಗೆಯ ಮೇಲೆ ಕೈಯಿಟ್ಟು ಕುಳಿತಳು. ಎರಡು ಊರು ದಾಟಿದವು. ಹೊಲಗಳಲ್ಲಿ ಬಿಳಿಜೋಳದ ತೆನೆ ಬಿಸಿಲಿಗೆ ಹೊಳೆಯುತ್ತಿದ್ದವು. ಆಮೇಲೆ ಆಕೆ ನಿಧಾನವಾಗಿ ಕೇಳಿದಳು:

"ಮಾಸ್ತರ, ಪುಸ್ತಕದಾಗ ನಾ ದಿನಾ ಸೋಲಾಕತ್ತೇನಿ. ತಪ್ಪು ಆ ಪೆಟಗೀದಲ್ಲಂದ್ರ, ನನ್ನ ಹಿಂದಿನ ಪೆಟಗಿ ಯಾವುದ್ರಿ?"

ಅಮೀನುದ್ದೀನ ಮಾಸ್ತರರು ಆ ಮಾತನ್ನು ತಮ್ಮ ಜೀವಮಾನವೆಲ್ಲ ನೆನೆಸಿದರು. ಯಂತ್ರಕ್ಕೆ ಬುದ್ಧಿ ಬರುತ್ತದೋ ಇಲ್ಲವೋ ಎಂದು ದೇಶದೇಶಗಳಲ್ಲಿ ವಾದ ನಡೆದಿತ್ತು. ಇಲ್ಲಿ ತಲೆಯಲ್ಲಿ ಮಣ್ಣಿದೆ ಎನ್ನಿಸಿಕೊಂಡ ಹೆಂಗಸು ಯಂತ್ರದಿಂದ ಒಂದು ಮಾತು ಕಲಿತು, ಬಸ್ಸು ಊರು ಮುಟ್ಟುವುದರೊಳಗೆ ಅದನ್ನು ತನ್ನ ಬದುಕಿಗೆ ಹಚ್ಚಿ ನೋಡಿದ್ದಳು. ಬುದ್ಧಿ ಎಂದರೆ ಬೇರೇನು? ಮೂರು ತಿಂಗಳು ಒಂದೇ ಪುಟ ಹಿಡಿದು ಕುಳಿತ ಬಿ.ಎಸ್ಸಿ. ತಲೆಗೆ ಇದು ಹೊಳೆದಿರಲಿಲ್ಲ.

ಮರುದಿನ ಊಟದ ಸೂಟಿಯಲ್ಲಿ ಇಬ್ಬರೂ ಒಂದೊಂದೇ ಪೆಟ್ಟಿಗೆ ಹಿಂದಕ್ಕೆ ನಡೆದರು. ಪುಸ್ತಕ ಬರಿದು. ಸರಿ, ಅದಕ್ಕಿಂತ ಹಿಂದಿನದು ಪಾಟಿ. ಮಾಸ್ತರರು ಪಾಟಿಯ ಮೇಲೆ ಅದೇ ಪಾಠದ ಎರಡು ಮಾತು ಬರೆದುಕೊಟ್ಟರು. ಶೆಟ್ಟೆವ್ವ ಪಾಟಿಯನ್ನು ಮುಖದ ಹತ್ತಿರ ಹಿಡಿದು ತಡವರಿಸಿದಳು, ತೋಳು ಚಾಚಿ ಹಿಡಿದು ಅರ್ಧ ಓದಿದಳು. ಇನ್ನೂ ಹಿಂದೆ ಹೋಗೋಣವೆಂದು ಮಾಸ್ತರರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಆಕೆ ಎದ್ದು, ಹಿಂದೆ ಹಿಂದೆ ಸರಿದು, ಕೊನೆಯ ಬೆಂಚಿನ ಹತ್ತಿರ ನಿಂತು, ಮನೆಯ ಮಾತು ಆಡಿದಷ್ಟು ಸಲೀಸಾಗಿ ಓದಿಬಿಟ್ಟಳು. ಮಾಸ್ತರರ ಕೈಯಿಂದ ಸುಣ್ಣದ ಕಡ್ಡಿ ಬಿತ್ತು.

"ಯಕ್ಕಾ, ಇದನ್ನ ಯಾವಾಗ ಕಲತಿ?"

"ಒಂಬತ್ತು ವರ್ಷದಿಂದ ಬೋರ್ಡ ಒರಸಾಕತ್ತೇನಲ್ರಿ. ನೀವು ಕಲಿಸೂದು ಬಾಗಲದಾಗ ನಿಂತು ಕೇಳ್ತಿದ್ನಿ. ಆಮ್ಯಾಲ ನೋಡಿ ನೋಡಿ ಒರಸ್ತಿದ್ನಿ."

"ಮತ್ತ ಓದಾಕ ಬರತೈತಿ ಅಂತ ಯಾಕ ಹೇಳಲಿಲ್ಲ?"

"ಇದೂ ಓದೂದ ಅಂತ ನನಗೆಲ್ಲಿ ಗೊತ್ರಿ? ಓದೂದಂದ್ರ ಪುಸ್ತಕದಾಗಿಂದು ಅಂತ ತಿಳದಿದ್ನಿ. ಪುಸ್ತಕದಾಗ ಅಕ್ಷರ ಹರದಾಡತಾವ್ರಿ."

ಮಾಸ್ತರರಿಗೆ ಒಂದೊಂದಾಗಿ ಎಲ್ಲ ನೆನಪಾಯಿತು. ಚಿತ್ರ ನೋಡಲು ಎರಡು ಹೆಜ್ಜೆ ಹಿಂದೆ ಸರಿಯುವುದು, ಕಾಳನ್ನು ಬೆರಳಿನಿಂದ ಮುಟ್ಟಿ ಹೇಳುವುದು, ತಿರುವಿನಾಚೆಯ ಬಸ್ಸು ಗುರುತಿಸುವುದು. ಆ ಸಂಜೆಯೇ ರೇವಪ್ಪನನ್ನು ಕಂಡು ವಿಚಾರಿಸಿದರೆ ಸೂಜಿಯ ಕಥೆಯೂ ಹೊರಬಿತ್ತು. ತಲೆಗೂ ಇದಕ್ಕೂ ಸಂಬಂಧವಿರಲಿಲ್ಲ. ಹತ್ತಿರದ್ದು ಆಕೆಯ ಕಣ್ಣಿಗೆ ಕಾಣುತ್ತಿರಲಿಲ್ಲ. ಇಂಗಳೇಶ್ವರದ ಸಾಲಿಯಲ್ಲಿ ಏಳು ವರ್ಷದ ಹುಡುಗಿ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಕುಣಿಯುವವಳಿಗೆ ಕುಣಿಯಲು ಬರುತ್ತಿತ್ತು, ಅಂಗಳವೇ ಡೊಂಕಾಗಿತ್ತು. ಕೊನೆಯ ಪೆಟ್ಟಿಗೆ ಸೋತಿತೆಂದು ಪೆಟ್ಟಿಗೆಯನ್ನೇ ತುಳಿದುಹಾಕಿದ್ದರು. ಒಂದು ಹೆಜ್ಜೆ ಹಿಂದೆ ಹೋಗಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ನನಗೆ ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಶೆಟ್ಟೆವ್ವನಿಗೆ ಮಾತ್ರ ಸಿಟ್ಟು ಬರಲಿಲ್ಲ. "ಆ ಮಾಸ್ತರಗೂ ಯಾರೂ ಹಿಂದಿನ ಪೆಟಗಿ ತೋರಿಸಿದ್ದಿಲ್ಲೇನೋ ಬಿಡ್ರಿ" ಎಂದಳು.

ಮಾರ್ಚಿನಲ್ಲಿ ಮುದ್ದೇಬಿಹಾಳದಲ್ಲಿ ಕಣ್ಣಿನ ಶಿಬಿರವಿತ್ತು. ರೇವಪ್ಪ ಗಾಡಿ ಬಿಟ್ಟು ಜೊತೆಗೆ ಬಂದ. ಡಾಕ್ಟರು ನೋಡಿ, ಹುಟ್ಟಿದಾಗಿನಿಂದಲೂ ಹೀಗೇ ಇದ್ದಿರಬೇಕು, ವಯಸ್ಸಾದಂತೆ ಹೆಚ್ಚಾಗಿದೆ ಎಂದು ದಪ್ಪ ಗಾಜಿನ ಕನ್ನಡಕ ಬರೆದುಕೊಟ್ಟರು. ಎಂಟು ದಿನಕ್ಕೆ ಅದು ಕೈಗೆ ಬಂತು. ಹಾಕಿಕೊಂಡು ಆಕೆ ಮೊದಲು ನೋಡಿದ್ದು ತನ್ನ ಅಂಗೈ. ಇಷ್ಟು ಗೆರೆಗಳಿವೆಯೆಂದು ಗೊತ್ತೇ ಇರಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದಳು.

"ಅಯ್ಯ, ಎಷ್ಟು ಮುದುಕ ಆಗೀರಿ!"

"ಇದನ್ನ ನೋಡಾಕ ಮುದ್ದೇಬಿಹಾಳದ ತನಕಾ ಬರಬೇಕಿತ್ತೇನ? ಓಣ್ಯಾಗ ಯಾರನ್ನ ಕೇಳಿದ್ರೂ ಹೇಳ್ತಿದ್ರು" ಎಂದ ರೇವಪ್ಪ. ಅವನ ಕಣ್ಣಿನಲ್ಲೂ ನೀರಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಕೊಂಡರೆ, ಆಕೆ ತಿನ್ನುವುದನ್ನು ಬಿಟ್ಟು ಸುತ್ತಿಕೊಟ್ಟ ಹಳೆಯ ಪತ್ರಿಕೆಯ ತುಂಡನ್ನು ಓದುತ್ತ ಕುಳಿತಳು. ಯಾವುದೋ ಊರಿನ ಎಣ್ಣೆ ಗಿರಣಿಯ ಜಾಹೀರಾತು. ಅಕ್ಷರಗಳು ಹರಿದಾಡದೆ, ಹೇಳಿದ ಮಾತು ಕೇಳುವ ಮಕ್ಕಳಂತೆ ನಿಂತಲ್ಲೇ ನಿಂತಿದ್ದವು. ಗಿರಣಿಯ ಹೆಸರನ್ನು ಬಾಗೇವಾಡಿ ಮುಟ್ಟುವವರೆಗೂ ಹತ್ತು ಸಲ ಹೇಳಿ ರೇವಪ್ಪನ ತಲೆ ತಿಂದಳು.

ಏಪ್ರಿಲ್ಲಿನಲ್ಲಿ ಸಾಹೇಬರು ಬಂದರು. ಪುಸ್ತಕ ಕೊಟ್ಟು ಪುಟ ತೋರಿಸಿದರು. ಶೆಟ್ಟೆವ್ವ ಬೆರಳಿಟ್ಟು ನಿಧಾನವಾಗಿ ಓದಿದಳು. ಎರಡು ಕಡೆ ಎಡವಿದಳು, ಬಿಟ್ಟುಹೋಗದೆ ಹಿಂದಿನ ಮಾತಿಗೆ ಹೋಗಿ ಅಲ್ಲಿಂದ ಸರಿಯಾಗಿ ಹಿಡಿದುಕೊಂಡು ಬಂದಳು. ಪುಟ ಮುಗಿದರೂ ನಿಲ್ಲಿಸದೆ ಮುಂದಿನದನ್ನೂ ಓದತೊಡಗಿದಾಗ ಸಾಹೇಬರು ನಗುತ್ತ ಸಾಕು ಎಂದರು. ಹೊರಡುವ ಮುಂಚೆ ಮೂಲೆಯಲ್ಲಿದ್ದ ಕಾಳಪ್ಪನನ್ನು ಗುರುತಿಸಿ, ಹಳೆಯ ಆಟವನ್ನೇ ಆಡಿದರು. ಮೂರನೆಯ ಸಾಲಿನ ಎರಡನೆಯ ಪೆಟ್ಟಿಗೆ ಈಗ ಬರಿದಾಗಿತ್ತು, ಅದರ ಹಿಂದಿನ ಪೆಟ್ಟಿಗೆಯ ತಪ್ಪು ಕಾಳೂ ಹೋಗಿತ್ತು. ಸಾಹೇಬರು ಸಾಲಾಗಿ ಮೂರು ಸೋತರು.

"ಇದಕ್ಕ ಬುದ್ಧಿ ಹೇಳಿದವರು ಯಾರ್ರಿ?" ಎಂದು ಕೇಳಿದರು.

ಮಾಸ್ತರರು ಶೆಟ್ಟೆವ್ವನನ್ನು ತೋರಿಸಿದರು. ಶೆಟ್ಟೆವ್ವ ಕಾಳಪ್ಪನನ್ನು ತೋರಿಸಿ, "ನನಗ ಹೇಳಿದ್ದು ಅದರಿ" ಎಂದಳು.

ಮುಂದಿನ ತಿಂಗಳಿಂದ ಕಾಯಂ ಪಟ್ಟಿಯಲ್ಲಿ ಆಕೆಯ ಹೆಸರು ಬಂತು. ಬಸಂತರಾಯರ ಕೆಮ್ಮು ವಾಸಿಯಾಯಿತು. ಶೆಟ್ಟೆವ್ವ ಸಂಜೆ ದೀಪ ಹಚ್ಚಿ ಮನೆದೇವರಿಗೆ ಕೈಮುಗಿಯುವಾಗ ಅಮೀನುದ್ದೀನ ಮಾಸ್ತರರಿಗೂ ಅವರ ಮನೆಮಂದಿಗೂ ಒಳ್ಳೆಯದಾಗಲಿ ಎನ್ನುತ್ತಿದ್ದಳು. ಆಮೇಲೆ, ಕಂಪ್ಯೂಟರು ಸಿಗದೆ ಕಡ್ಡಿಪೆಟ್ಟಿಗೆ ಆರಿಸಿಕೊಂಡ ವಿಲಾಯತಿಯ ಆ ಹೆಸರು ಗೊತ್ತಿಲ್ಲದ ಮನುಷ್ಯನಿಗೂ ಒಂದು ಕೈಮುಗಿತ ಇರುತ್ತಿತ್ತು. ಅವನಿಗೆ ಕಂಪ್ಯೂಟರು ಸಿಕ್ಕುಬಿಟ್ಟಿದ್ದರೆ ತನ್ನ ಗತಿ ಏನು ಎಂದು ಆಕೆ ಗಂಡನನ್ನು ಕೇಳುತ್ತಿದ್ದಳು.

ಮರುವರ್ಷ ಜೂನಿನಲ್ಲಿ ಮಾಸ್ತರರಿಗೆ ಇಂಡಿಗೆ ವರ್ಗವಾಯಿತು. ಕಾಳಪ್ಪ ಅವರ ಸ್ವಂತದ್ದು, ಜೋಪಾನಕ್ಕೆಂದು ಶೆಟ್ಟೆವ್ವನ ಮನೆಯಲ್ಲಿದ್ದ. ಆಕೆ ಅದನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಬಸ್ ಸ್ಟ್ಯಾಂಡಿಗೆ ತಂದಳು. ಮಾಸ್ತರರು ಕೈಗೆ ತೆಗೆದುಕೊಂಡು ಅಲುಗಿಸಿದರೆ ಇಪ್ಪತ್ತನಾಲ್ಕೂ ಪೆಟ್ಟಿಗೆ ಗಲಗಲ ಎಂದವು.

"ಯಕ್ಕಾ! ಎಲ್ಲಾದರಾಗೂ ಕಾಳು ತುಂಬೀಯಲ್ಲ!"

"ತುಂಬೇನ್ರಿ. ಒಬ್ಬರ ಪಾತ್ರಿ ತಿರುಗಿ ಕೊಡೂ ಮುಂದ ಬರಿದು ಕೊಡಬಾರದ್ರಿ."

"ಇಷ್ಟು ದಿನಾ ಕಲತದ್ದೆಲ್ಲಾ ಮರತು ಹೋತಲ್ಲ ಇದು."

"ಮರೀಲಿ ಬಿಡ್ರಿ. ಇಂಡ್ಯಾಗ ಯಾರರೆ ನನ್ನಂಥಾಕಿ ಇದ್ದೇ ಇರ್ತಾಳ. ಇದಕ್ಕ ಕಲಸ್ತಾ ಕಲಸ್ತಾ ಆಕೀನೂ ಕಲೀಲಿ."

ಮಾಸ್ತರರು ಗಂಟನ್ನು ಎದೆಗವಚಿಕೊಂಡು ಬಸ್ಸು ಹತ್ತಿದರು. ತಿರುವಿನಾಚೆ ಬಸ್ಸು ಮರೆಯಾಗುವವರೆಗೂ ಶೆಟ್ಟೆವ್ವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನೋಡುತ್ತ ನಿಂತಳು. ದೂರದ್ದಕ್ಕೆ ಆಕೆಗೆ ಅದು ಬೇಕಿರಲಿಲ್ಲ.

ಶ್ರಾವಣದಲ್ಲಿ ಒಂದು ಕಾರ್ಡು ಬಂತು. ಅಂಚೆಯವನು ರೂಢಿಯಂತೆ ಓದಿ ಹೇಳಲು ಬಾಯಿ ತೆರೆದ. ಶೆಟ್ಟೆವ್ವ ಅವನ ಕೈಯಿಂದ ಕಾರ್ಡು ತೆಗೆದುಕೊಂಡು, ಕಟ್ಟೆಯ ಮೇಲೆ ಕುಳಿತು, ರೇವಪ್ಪನಿಗೆ ಕೇಳುವಂತೆ ತಾನೇ ಓದಿದಳು. ಆಕೆಯ ಹೆಸರಿಗೆ ಬಂದ ಮೊದಲ ಕಾಗದ ಅದು.

"ಅಕ್ಕನಿಗೆ ಅಮೀನುದ್ದೀನನ ನಮಸ್ಕಾರ. ಕಾಳಪ್ಪ ಇಲ್ಲಿ ಮೊದಲ ದಿನವೇ ಒಂಬತ್ತು ಆಟ ಸೋತ. ಇದು ದಡ್ಡ ಯಂತ್ರ ಎಂದು ಹುಡುಗಿಯರು ನಕ್ಕರು. ನಾನು ಅವರಿಗೆ ಒಂದು ಪೆಟ್ಟಿಗೆ ಹಿಂದೆ ಹೋಗುವುದನ್ನು ಕಲಿಸಿದೆ. ಇದನ್ನು ಯಾರು ಕಂಡುಹಿಡಿದರು ಎಂದು ಕೇಳಿದರು. ವಿಲಾಯತಿಯವರ ಸುದ್ದಿ ಹೇಳಿದೆ, ಆಮೇಲೆ ನಿನ್ನ ಹೆಸರು ಹೇಳಿದೆ. ಈಗ ನನ್ನ ತರಗತಿಯಲ್ಲಿ ಯಾರಿಗಾದರೂ ಪಾಠ ಬರದಿದ್ದರೆ ಹುಡುಗಿಯರೇ, ಸರ್ ಶೆಟ್ಟೆವ್ವನ ಹಾಗೆ ನೋಡಿರಿ ಎನ್ನುತ್ತಾರೆ."

"ಇನ್ನೊಮ್ಮಿ ಓದು" ಎಂದ ರೇವಪ್ಪ.

ಆಕೆ ಇನ್ನೊಮ್ಮೆ ಓದಿದಳು. ಆಮೇಲೆ ಒಳಗೆ ಹೋಗಿ, ಜೋಳದ ಡಬ್ಬಿಯಲ್ಲಿ ಮೊಳಕೈವರೆಗೆ ಕೈ ಇಳಿಸಿ, ಎಂದೂ ಬರಿದಾಗಬಾರದ ಆ ತಳದಲ್ಲಿ ಕಾರ್ಡನ್ನು ಇಟ್ಟು ಬಂದಳು.